ಗೋಡೆ ಮೇಲಿತ್ತು, ಆದ್ರೆ ಎಲ್ಲಿದೆ ಅಂತ ಯಾರಿಗೂ ಗೊತ್ತಿರಲಿಲ್ಲ

ಭಾಗ 1/10 | ಒಂದು ಮ್ಯಾಚ್, ಒಂದು ಪೆಟ್ಟಿಗೆ

2021ರ ಜೂನ್ 12. ಕೋಪನ್‌ಹೇಗನ್‌ನ ಪಾರ್ಕೆನ್ ಸ್ಟೇಡಿಯಂ. ಯೂರೋ ಕಪ್, ಡೆನ್ಮಾರ್ಕ್ ವಿರುದ್ಧ ಫಿನ್ಲೆಂಡ್. ಫಸ್ಟ್ ಹಾಫ್ ಮುಗಿಯೋಕೆ ಕೆಲವೇ ನಿಮಿಷ ಬಾಕಿ. ಥ್ರೋ ಇನ್ ಬಾಲ್ ತಗೊಳ್ಳೋಕೆ ಬಂದ ಕ್ರಿಶ್ಚಿಯನ್ ಎರಿಕ್ಸೆನ್, ಪಕ್ಕದಲ್ಲಿ ಯಾರೂ ತಾಗದೇ ಇದ್ರೂ ದಢಕ್ಕಂತ ಮುಂದಕ್ಕೆ ಕುಸಿದು ಬಿದ್ದ. ವಯಸ್ಸು 29.

ಕ್ಯಾಪ್ಟನ್ ಸಿಮೋನ್ ಕೇರ್ ಓಡಿ ಬಂದ. ವೈದ್ಯರು ಎದೆ ಒತ್ತೋಕೆ ಶುರು ಮಾಡಿದರು. ಸಹ ಆಟಗಾರರು ಸುತ್ತಲೂ ಗೋಡೆ ತರ ನಿಂತು ಕ್ಯಾಮೆರಾಗಳಿಂದ ಅವನನ್ನ ಮರೆಮಾಡಿದರು. ಆಮೇಲೆ ಒಂದು ಪುಟ್ಟ ಪೆಟ್ಟಿಗೆಯಿಂದ ಒಂದೇ ಒಂದು ಶಾಕ್. ಹೃದಯ ಮತ್ತೆ ಬಡಿಯಿತು. ಆ ಶಾಕ್‌ಗೆ ಮುಂಚೆ ಅವನು ಹೋಗೇಬಿಟ್ಟಿದ್ದ ಅಂತ ತಂಡದ ವೈದ್ಯರೇ ಮರುದಿನ ಹೇಳಿದರು.

2024ರ ಯೂರೋದಲ್ಲಿ ಅದೇ ಎರಿಕ್ಸೆನ್ ಸ್ಲೊವೇನಿಯಾ ವಿರುದ್ಧ ಗೋಲ್ ಹೊಡೆದ.

ಆ ಪೆಟ್ಟಿಗೆ ಹೆಸರು ಎಇಡಿ. ಪೂರ್ತಿ ಹೆಸರು ಆಟೋಮೇಟೆಡ್ ಎಕ್ಸ್‌ಟರ್ನಲ್ ಡಿಫಿಬ್ರಿಲೇಟರ್. ಈ ಸಲದ ಸರಣಿ ಅದರದ್ದೇ ಇತಿಹಾಸ. ಯಂತ್ರ ಕಂಡುಹಿಡಿಯೋಕೆ ಸುಮಾರು ನೂರು ವರ್ಷ ಹಿಡೀತು. ಕಂಡುಹಿಡಿದ ಮೇಲೆ ಯಾರೂ ನಿರೀಕ್ಷೆ ಮಾಡದ ಒಂದು ಪ್ರಶ್ನೆ ಎದುರಾಯ್ತು: ಅದು ಎಲ್ಲಿದೆ?

ಭಾಗ 2/10 | ಮೊದಲು ಒಂದು ಗೊಂದಲ ಬಗೆಹರಿಸೋಣ

ನಾವು ಯಾರಾದ್ರೂ ಹಠಾತ್ತಾಗಿ ತೀರಿಕೊಂಡ್ರೆ "ಹಾರ್ಟ್ ಅಟ್ಯಾಕ್ ಆಯ್ತಂತೆ" ಅಂದುಬಿಡ್ತೀವಿ. ಎರಡು ಬೇರೆ ಬೇರೆ ವಿಷಯ ಇದರಲ್ಲಿ ಸೇರಿಕೊಂಡಿದೆ.

ಹೃದಯಾಘಾತ ಅಂದ್ರೆ ಹೃದಯಕ್ಕೆ ರಕ್ತ ತರೋ ನಾಳ ಕಟ್ಟಿಕೊಳ್ಳೋದು. ನೀರಿನ ಪೈಪ್ ಬ್ಲಾಕ್ ಆದ ಹಾಗೆ. ಆ ವ್ಯಕ್ತಿಗೆ ಸಾಮಾನ್ಯವಾಗಿ ಪ್ರಜ್ಞೆ ಇರುತ್ತೆ, ಎದೆನೋವು ಅಂತಾರೆ, ಬೆವರ್ತಾರೆ.

ಹೃದಯ ಸ್ತಂಭನ ಅಂದ್ರೆ ಹೃದಯದ ಕರೆಂಟೇ ಕೆಟ್ಟುಹೋಗೋದು. ತುಂಬಾ ಸಲ ಹೃದಯ ಪೂರ್ತಿ ನಿಲ್ಲೋದಿಲ್ಲ, ತಾಳ ತಪ್ಪಿ ಸುಮ್ಮನೆ ಅದುರುತ್ತಾ ಇರುತ್ತೆ. ಅದುರಿದರೆ ರಕ್ತ ಪಂಪ್ ಆಗಲ್ಲ. ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತೆ. ಹೃದಯಾಘಾತವೇ ಎಷ್ಟೋ ಸಲ ಇದಕ್ಕೆ ಕಾರಣ ಆಗುತ್ತೆ, ಅದಕ್ಕೇ ಎರಡೂ ಒಂದೇ ಅನ್ನಿಸೋದು.

ಅದುರೋ ಹೃದಯಕ್ಕೆ ಔಷಧಿ ಅಂದ್ರೆ ವಿದ್ಯುತ್ ಶಾಕ್. ಯಾರೂ ಎದೆ ಒತ್ತದೇ ಇದ್ದರೆ, ಶಾಕ್ ಒಂದೊಂದು ನಿಮಿಷ ತಡವಾದಂಗೆ ಬದುಕುಳಿಯೋ ಸಾಧ್ಯತೆ ಸುಮಾರು ಶೇ. 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತೆ. ಅಂದ್ರೆ ಹತ್ತು ನಿಮಿಷದ ಮೇಲೆ ಹೆಚ್ಚೇನೂ ಉಳಿಯಲ್ಲ. ನಮ್ಮ ಊರಲ್ಲಿ ಹತ್ತು ನಿಮಿಷಕ್ಕೆ ಆಂಬುಲೆನ್ಸ್ ಮನೆ ಬಾಗಿಲಿಗೆ ಬಂದರೆ ಅದೃಷ್ಟ ಅಂತೀವಿ, ಅಲ್ವಾ? ಈ ಲೆಕ್ಕ ತಲೇಲಿ ಇಟ್ಕೊಳ್ಳಿ. ಮುಂದಿನ ಕಥೆಯೆಲ್ಲಾ ಈ ಹತ್ತು ನಿಮಿಷದ ಜೊತೆ ನಡೆದ ಜಗಳ.

ಭಾಗ 3/10 | ಕೊಲ್ಲೋ ಕರೆಂಟೇ ಕಾಯುತ್ತೆ

ಹತ್ತೊಂಬತ್ತನೇ ಶತಮಾನದ ಕೊನೆ. ನಗರಗಳಿಗೆ ವಿದ್ಯುತ್ ಬಂತು. ಜೊತೆಗೆ ಕರೆಂಟ್ ಹೊಡೆದು ಸಾಯೋದೂ ಬಂತು. ಯಾಕೆ ಸಾಯ್ತಾರೆ ಅಂತ ಹುಡುಕ್ತಿದ್ದ ಜಿನೀವಾದ ಇಬ್ಬರು ವಿಜ್ಞಾನಿಗಳು, ಪ್ರೆವೋ ಮತ್ತು ಬಟೆಲ್ಲಿ, 1899ರಲ್ಲಿ ನಾಯಿಗಳ ಮೇಲೆ ಪ್ರಯೋಗ ಮಾಡುವಾಗ ಒಂದು ವಿಚಿತ್ರ ಕಂಡರು. ಸಣ್ಣ ಶಾಕ್ ಕೊಟ್ಟರೆ ಹೃದಯ ತಾಳ ತಪ್ಪಿ ಅದುರುತ್ತೆ. ಅದೇ ಹೃದಯಕ್ಕೆ ಇನ್ನೂ ದೊಡ್ಡ ಶಾಕ್ ಕೊಟ್ಟರೆ ಅದುರೋದು ನಿಂತು ತಾಳ ವಾಪಸ್ ಬರುತ್ತೆ. ಮುಳ್ಳನ್ನ ಮುಳ್ಳಿಂದಲೇ ತೆಗೆದ ಹಾಗೆ. ಆದ್ರೆ ಈ ಸಂಗತಿಯನ್ನ ದಶಕಗಳ ಕಾಲ ಹೆಚ್ಚು ಜನ ಗಮನಿಸಲೇ ಇಲ್ಲ.

ಮನುಷ್ಯನ ಮೇಲೆ ಅದು ಮೊದಲ ಸಲ ಗೆದ್ದಿದ್ದು 1947ರಲ್ಲಿ. ನಮಗೆ ಸ್ವಾತಂತ್ರ್ಯ ಬಂದ ವರ್ಷ. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಶಸ್ತ್ರವೈದ್ಯ ಕ್ಲಾಡ್ ಬೆಕ್ 14 ವರ್ಷದ ಹುಡುಗನೊಬ್ಬನ ಎದೆಯ ಆಪರೇಷನ್ ಮುಗಿಸುತ್ತಿದ್ದರು. ಹುಡುಗನ ಹೃದಯ ನಿಂತುಹೋಯಿತು. ಬೆಕ್ ಎದೆಯನ್ನ ಮತ್ತೆ ತೆರೆದು, ಅರ್ಧ ಗಂಟೆಗೂ ಹೆಚ್ಚು ಹೊತ್ತು ಹೃದಯವನ್ನ ಕೈಯಲ್ಲೇ ಹಿಚುಕುತ್ತಾ ಇದ್ದು, ಆಮೇಲೆ ಅದಕ್ಕೆ ನೇರವಾಗಿ ಶಾಕ್ ಕೊಟ್ಟರು. ಹುಡುಗ ಬದುಕಿದ.

ಸಾಯೋ ಅಷ್ಟೇನೂ ಕೆಡದ ಹೃದಯಗಳು ಸುಮ್ಮಸುಮ್ಮನೆ ಸಾಯ್ತಿವೆ ಅನ್ನೋದು ಬೆಕ್ ಅವರ ವಾದ. ಮಾತು ಸರಿಯೇ. ಆದ್ರೆ ಅದಕ್ಕೆ ಆಪರೇಷನ್ ಥಿಯೇಟರ್ ಬೇಕು, ಎದೆ ತೆರೆದಿರಬೇಕು. ರಸ್ತೇಲಿ ಬಿದ್ದವನ ಗತಿ?

ಭಾಗ 4/10 | ಎದೆ ತೆರೆಯದೇನೇ

1950ರ ದಶಕದಲ್ಲಿ ಬಾಸ್ಟನ್‌ನ ಪಾಲ್ ಝೋಲ್ ಎದೆಯ ಹೊರಗಿಂದಲೇ ಶಾಕ್ ಕೊಟ್ಟು ಗೆದ್ದರು. 1956ರಲ್ಲಿ ಅದರ ವರದಿ ಪ್ರಕಟವಾಯಿತು. ಅವರು ಬಳಸಿದ್ದು ಗೋಡೆಯ ಪ್ಲಗ್‌ನಿಂದ ಬರೋ ಎಸಿ ಕರೆಂಟ್. ಸೋವಿಯತ್ ಒಕ್ಕೂಟದಲ್ಲಿ ನೌಮ್ ಗುರ್ವಿಚ್, ಆಮೇಲೆ ಅಮೆರಿಕದಲ್ಲಿ ಬರ್ನಾರ್ಡ್ ಲೌನ್, ಕೆಪಾಸಿಟರ್‌ನಲ್ಲಿ ಕೂಡಿಟ್ಟು ಒಂದೇ ಸಲ ಬಿಡೋ ಡಿಸಿ ಶಾಕ್ ಹೆಚ್ಚು ಸುರಕ್ಷಿತ ಅಂತ ತೋರಿಸಿದರು. ಫಿಸಿಕ್ಸ್ ಲ್ಯಾಬಲ್ಲಿ ಕೆಪಾಸಿಟರ್ ನೋಡಿ "ಇದರಿಂದ ಏನು ಉಪಯೋಗ" ಅಂದವರು ಇಲ್ಲೊಂದು ನಿಮಿಷ ನಿಲ್ಲಿ. ಡಿಸಿ ಬಂದಿದ್ದರಿಂದ ಪ್ಲಗ್‌ನ ಹಂಗು ತಪ್ಪಿತು, ಬ್ಯಾಟರಿ ಸಾಕು ಅಂತಾಯ್ತು.

ಇನ್ನೊಂದು ಕಥೆ ಬಾಲ್ಟಿಮೋರ್‌ದು. ಜಾನ್ಸ್ ಹಾಪ್ಕಿನ್ಸ್‌ನಲ್ಲಿದ್ದ ವಿಲಿಯಂ ಕೌವೆನ್‌ಹೋವೆನ್ ಡಾಕ್ಟರ್ ಅಲ್ಲ, ಎಲೆಕ್ಟ್ರಿಕಲ್ ಎಂಜಿನಿಯರ್. ಲೈನ್‌ಮನ್‌ಗಳು ಕಂಬದ ಮೇಲೆ ಸಾಯ್ತಿದ್ದರು, ವಿದ್ಯುತ್ ಕಂಪನಿಗಳು ಈ ಸಂಶೋಧನೆಗೆ ದುಡ್ಡು ಕೊಟ್ಟಿದ್ದವು. ಅವರ ಜೊತೆಗಿದ್ದ ಗೈ ನಿಕರ್‌ಬೋಕರ್ ಒಂದು ದಿನ ಗಮನಿಸಿದರು: ಶಾಕ್ ಕೊಡೋಕೆ ಭಾರದ ಪ್ಯಾಡಲ್‌ಗಳನ್ನ ನಾಯಿಯ ಎದೆ ಮೇಲೆ ಒತ್ತಿದಾಗ, ಶಾಕ್ ಕೊಡೋ ಮುಂಚೇನೇ ರಕ್ತದೊತ್ತಡ ಸ್ವಲ್ಪ ಏರ್ತಿತ್ತು. ಅಂದ್ರೆ ಬರೀ ಒತ್ತಿದರೇ ರಕ್ತ ಹರಿಯುತ್ತೆ! ಶಸ್ತ್ರವೈದ್ಯ ಜೇಮ್ಸ್ ಜೂಡ್ ಸೇರಿಕೊಂಡರು. 1960ರಲ್ಲಿ ಮೂವರೂ ಸೇರಿ ಬರೆದ ಲೇಖನದ ಸಾರ ಇಷ್ಟು: ಇದಕ್ಕೆ ಬೇಕಾಗಿರೋದು ಎರಡು ಕೈ.

ನಾವು ಇವತ್ತು ಸಿಪಿಆರ್ ಅನ್ನೋದರ ಎದೆ ಒತ್ತುವ ಭಾಗ ಬಂದಿದ್ದು ಹೀಗೆ. ಒಂದು ಮಾತು ನೆನಪಿರಲಿ. ಎದೆ ಒತ್ತೋದರಿಂದ ಮೆದುಳಿಗೆ ರಕ್ತ ಹೋಗಿ ಟೈಮ್ ಸಿಗುತ್ತೆ. ಕೆಟ್ಟ ತಾಳ ಸರಿಯಾಗೋಕೆ ಸಾಮಾನ್ಯವಾಗಿ ಶಾಕೇ ಬೇಕು. ಅದಕ್ಕೇ ಎರಡೂ ಜೋಡಿ.

ಭಾಗ 5/10 | ಬೆಲ್‌ಫಾಸ್ಟ್‌ನ ಹಠಮಾರಿ ಡಾಕ್ಟರ್

ಫ್ರಾಂಕ್ ಪ್ಯಾಂಟ್ರಿಜ್. ಉತ್ತರ ಐರ್ಲೆಂಡ್‌ನವರು. ಎರಡನೇ ಮಹಾಯುದ್ಧದಲ್ಲಿ ಸಿಂಗಾಪುರ ಜಪಾನಿಯರ ಕೈಗೆ ಬಿದ್ದಾಗ ಸೆರೆ ಸಿಕ್ಕಿ, ಬರ್ಮಾ ರೈಲು ಮಾರ್ಗದ ಕೆಲಸಕ್ಕೆ ಹೋದ ಸೈನಿಕ ವೈದ್ಯರು. ಹೇಗೋ ಜೀವ ಉಳಿಸಿಕೊಂಡು ಬಂದರು.

1960ರ ದಶಕದಲ್ಲಿ ಬೆಲ್‌ಫಾಸ್ಟ್‌ನ ರಾಯಲ್ ವಿಕ್ಟೋರಿಯಾ ಆಸ್ಪತ್ರೇಲಿ ಅವರು ಒಂದು ಸರಳ ಲೆಕ್ಕ ನೋಡಿದರು. ಹೃದಯಾಘಾತದಿಂದ ಸಾಯೋರಲ್ಲಿ ಬಹಳಷ್ಟು ಜನ ಮೊದಲ ಒಂದು ಗಂಟೆ ಒಳಗೇ, ಆಸ್ಪತ್ರೆ ಮೆಟ್ಟಿಲು ಹತ್ತೋ ಮುಂಚೇನೇ ಸಾಯ್ತಿದ್ದಾರೆ. ಹಾಗಿದ್ರೆ ಡಿಫಿಬ್ರಿಲೇಟರ್‌ನ ಆಸ್ಪತ್ರೆ ಒಳಗಿಟ್ಟು ಕಾಯೋದರಲ್ಲಿ ಏನರ್ಥ?

ಅವರು ಮತ್ತು ಜಾನ್ ಗೆಡ್ಡಿಸ್ ಸೇರಿ ಕಾರ್ ಬ್ಯಾಟರಿಯಿಂದ ನಡೆಯೋ ಡಿಫಿಬ್ರಿಲೇಟರ್ ತಯಾರಿಸಿ ಆಂಬುಲೆನ್ಸ್‌ಗೆ ಹತ್ತಿಸಿದರು. ತೂಕ 70 ಕೆ.ಜಿ.! ಅದನ್ನ "ಪೋರ್ಟಬಲ್" ಅಂತ ಕರೆಯೋಕೆ ಧೈರ್ಯ ಬೇಕು. 1966ರಲ್ಲಿ ಸೇವೆ ಶುರುವಾಯಿತು, 1967ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಬಂತು. ಕೆಲವೇ ವರ್ಷಗಳಲ್ಲಿ ಅದೇ ಯಂತ್ರ 3 ಕೆ.ಜಿ. ಆಸುಪಾಸಿಗೆ ಇಳಿಯಿತು.

ಯಂತ್ರ ರೋಗಿ ಹತ್ತಿರಕ್ಕೆ ಹೋಗಬೇಕು ಅನ್ನೋ ಯೋಚನೆ ಜಗತ್ತಿನ ತುಂಬಾ ಹಬ್ಬಿತು. ಆದ್ರೂ ಅದನ್ನ ಬಳಸೋಕೆ ಇಸಿಜಿ ಓದಬಲ್ಲ ತಜ್ಞರು ಬೇಕಿತ್ತು. ಆಂಬುಲೆನ್ಸ್ ಬರೋ ತನಕ ಕಾಯಲೇಬೇಕಿತ್ತು. ಹತ್ತು ನಿಮಿಷದ ಗಡಿ ಹಾಗೇ ಉಳೀತು.

ಭಾಗ 6/10 | ಮಾತಾಡೋ ಪೆಟ್ಟಿಗೆ

1970ರ ದಶಕದಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಆರ್ಚ್ ಡಯಾಕ್ ಅನ್ನೋ ಶಸ್ತ್ರವೈದ್ಯರು ಮತ್ತವರ ಜೊತೆಗಾರರು ತಾನೇ ತಾಳ ನೋಡಿ ತಾನೇ ನಿರ್ಧರಿಸೋ ಯಂತ್ರದ ಮೊದಲ ರೂಪ ಮಾಡಿದರು. 80, 90ರ ದಶಕದಲ್ಲಿ ಅದು ಚಿಕ್ಕದಾಯಿತು, ಅಗ್ಗವಾಯಿತು, ಮಾತು ಕಲಿಯಿತು.

ಈಗಿನ ಎಇಡಿ ಇಷ್ಟೇ ಕೇಳುತ್ತೆ: ಆನ್ ಮಾಡಿ, ಚಿತ್ರದಲ್ಲಿ ತೋರಿಸಿದಂತೆ ಎರಡು ಪ್ಯಾಡ್ ಎದೆಗೆ ಅಂಟಿಸಿ, ಎಲ್ಲರೂ ದೂರ ಸರೀರಿ. ತಾಳ ಅದೇ ಓದುತ್ತೆ. ಶಾಕ್ ಬೇಕಾದ ತಾಳ ಇದ್ದರೆ ಮಾತ್ರ ಶಾಕ್. ಸಿನಿಮಾದಲ್ಲಿ ಗೆರೆ ಸಪಾಟಾದ ಕೂಡಲೇ ಶಾಕ್ ಕೊಡ್ತಾರಲ್ಲ, ಅದು ಸುಳ್ಳು. ಸಪಾಟು ಗೆರೆಗೆ ಎಇಡಿ ಶಾಕ್ ಕೊಡೋದೇ ಇಲ್ಲ.

ಜನಸಾಮಾನ್ಯರ ಕೈಗೆ ಕೊಟ್ಟರೆ ನಡೆಯುತ್ತಾ? ಉತ್ತರ ಸಿಕ್ಕಿದ್ದು ಜೂಜುಕಟ್ಟೆಯಲ್ಲಿ! ಅಮೆರಿಕದ ಕ್ಯಾಸಿನೋಗಳಲ್ಲಿ ಸೆಕ್ಯುರಿಟಿ ಸಿಬ್ಬಂದಿಗೆ ಎಇಡಿ ಕೊಟ್ಟು ಕಲಿಸಿದರು. 2000ದಲ್ಲಿ ಬಂದ ವರದಿ ಪ್ರಕಾರ, ಹೃದಯ ಅದುರುತ್ತಿದ್ದ 105 ಜನರಲ್ಲಿ 56 ಜನ ಬದುಕಿ ಮನೆಗೆ ಹೋದರು. ಬಿದ್ದಿದ್ದನ್ನ ಯಾರೋ ನೋಡಿ, ಮೂರು ನಿಮಿಷದ ಒಳಗೆ ಶಾಕ್ ಸಿಕ್ಕವರಲ್ಲಿ ಶೇ. 74ರಷ್ಟು ಜನ ಉಳಿದರು.

ಷಿಕಾಗೋ ವಿಮಾನ ನಿಲ್ದಾಣಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬಿರುಸಾಗಿ ನಡೆದರೆ ಒಂದು, ಒಂದೂವರೆ ನಿಮಿಷದಲ್ಲಿ ಸಿಗೋ ಹಾಗೆ ಎಲ್ಲರ ಕಣ್ಣಿಗೆ ಕಾಣುವಂತೆ ಗೋಡೆಗೆ ಹಾಕಿದರು. ಎರಡು ವರ್ಷದಲ್ಲಿ ಹೃದಯ ಅದುರುತ್ತಿದ್ದ 18 ಜನರಲ್ಲಿ 11 ಜನರ ಜೀವ ಮರಳಿತು. ಆ 11ರಲ್ಲಿ 6 ಜನರನ್ನ ಉಳಿಸಿದವರಿಗೆ ಎಇಡಿ ಬಳಸಿದ ಅನುಭವವಾಗಲಿ ತರಬೇತಿಯಾಗಲಿ ಇರಲಿಲ್ಲ. ಅವರಲ್ಲಿ ಮೂವರು ವೈದ್ಯಕೀಯ ಓದಿದವರು, ಉಳಿದವರು ಅದೂ ಇಲ್ಲ.

ಜಪಾನ್ 2004ರಲ್ಲಿ ಸಾಮಾನ್ಯ ಜನರೂ ಎಇಡಿ ಬಳಸಬಹುದು ಅಂತ ಮಾಡಿತು. ಅಂಗಡಿ, ಸ್ಟೇಷನ್, ಶಾಲೆ, ಎಲ್ಲೆಲ್ಲೂ ಪೆಟ್ಟಿಗೆಗಳು ಬಂದವು. ಕಥೆ ಮುಗೀತು ಅನ್ಕೊಂಡ್ರಾ? ಅಸಲಿ ತೊಂದರೆ ಶುರುವಾಗಿದ್ದೇ ಈಗ.

ಭಾಗ 7/10 | ಫಿಲಡೆಲ್ಫಿಯಾದ ನಿಧಿ ಬೇಟೆ

ವಿಮಾನ ನಿಲ್ದಾಣಕ್ಕೆ ಒಬ್ಬ ಯಜಮಾನ ಇರ್ತಾನೆ, ಯಾವ ಗೋಡೆ ಮೇಲೆ ಏನಿದೆ ಅಂತ ಅವನಿಗೆ ಗೊತ್ತು. ಊರಿಗೆ ಹಾಗೆ ಯಜಮಾನ ಇಲ್ಲ. ಒಂದು ಎಇಡಿನ ಜಿಮ್‌ನವರು ತಗೊಂಡ್ರು, ಒಂದನ್ನ ಬ್ಯಾಂಕ್‌ನವರು, ಇನ್ನೊಂದನ್ನ ಚರ್ಚ್‌ನವರು. ಎಲ್ಲರೂ ಒಳ್ಳೇ ಮನಸ್ಸಿಂದಲೇ ತಗೊಂಡಿದ್ದು. ಆದ್ರೆ ಎಲ್ಲಾ ಸೇರಿ ಒಂದು ಪಟ್ಟಿ ಇರಲಿಲ್ಲ. ತುರ್ತು ಕರೆ ತಗೊಳ್ಳೋ ಸಿಬ್ಬಂದಿಗೂ "ನಿಮ್ಮ ಪಕ್ಕದ ಬಿಲ್ಡಿಂಗ್‌ನಲ್ಲೇ ಇದೆ, ಓಡಿ" ಅಂತ ಹೇಳೋಕೆ ಆಗ್ತಿರಲಿಲ್ಲ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ. ಮೂರನೇ ಮಹಡೀಲಿ ಯಂತ್ರ ಧೂಳು ಹಿಡಿದು ಕೂತಿದ್ದಾಗ ಕೆಳಗಿನ ಫುಟ್‌ಪಾತ್‌ನಲ್ಲಿ ಒಬ್ಬರ ಉಸಿರು ಹೋಗಬಹುದಿತ್ತು.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತುರ್ತು ಚಿಕಿತ್ಸಾ ವೈದ್ಯೆ ರೈನಾ ಮರ್ಚೆಂಟ್ ಮತ್ತವರ ತಂಡ 2012ರಲ್ಲಿ ಇದಕ್ಕೊಂದು ಆಟ ಹೂಡಿದರು. ಹೆಸರು ಮೈ ಹಾರ್ಟ್ ಮ್ಯಾಪ್ ಚಾಲೆಂಜ್. ನಿಯಮ ಸುಲಭ. ಫಿಲಡೆಲ್ಫಿಯಾ ಊರೆಲ್ಲಾ ಸುತ್ತಿ. ಎಇಡಿ ಕಂಡ್ರೆ ಫೋನ್‌ನಲ್ಲಿ ಫೋಟೋ ತೆಗೀರಿ. ಜಾಗದ ವಿವರ ಸೇರಿಸಿ ಆ್ಯಪ್‌ನಲ್ಲಿ ಕಳಿಸಿ. ಜಾಸ್ತಿ ಹುಡುಕಿದವರಿಗೆ 10,000 ಡಾಲರ್ ಬಹುಮಾನ ಅಂತ ಘೋಷಣೆ ಆಯ್ತು.

ನೀವು ಈ ಆ್ಯಪ್‌ನಲ್ಲಿ ಕಾಫಿ ಲೋಟದ್ದೋ ಸೂರ್ಯಾಸ್ತದ್ದೋ ಫೋಟೋ ಹಾಕ್ತೀರಲ್ಲ, ಅದೇ ಕೆಲಸ. ಸುಮಾರು ಎಂಟು ವಾರದಲ್ಲಿ 300ಕ್ಕೂ ಹೆಚ್ಚು ತಂಡಗಳು ಮತ್ತು ವ್ಯಕ್ತಿಗಳು ಸೇರಿ 500ಕ್ಕೂ ಹೆಚ್ಚು ಕಟ್ಟಡಗಳಿಂದ 1,400ಕ್ಕೂ ಹೆಚ್ಚು ಯಂತ್ರಗಳನ್ನ ವರದಿ ಮಾಡಿದರು. ಒಂದೂ ಹೊಸ ಯಂತ್ರ ಕೊಂಡಿರಲಿಲ್ಲ. ಇದ್ದಿದ್ದೇ ಕಣ್ಣಿಗೆ ಬಿತ್ತು, ಅಷ್ಟೇ.

ಭಾಗ 8/10 | ಬೀಗ ಹಾಕಿದ ಬಾಗಿಲು

ಈಗ ಕೋಪನ್‌ಹೇಗನ್ ಊರಿನ ಕಡೆ ನೋಡೋಣ. ಡೆನ್ಮಾರ್ಕ್ ಈ ವಿಷಯದಲ್ಲಿ ಮುಂದಿದ್ದ ದೇಶ. ಎಇಡಿ ಇಟ್ಟವರು ತಾವಾಗಿಯೇ ನೋಂದಾಯಿಸೋ ರಾಷ್ಟ್ರೀಯ ಜಾಲ ಇತ್ತು, ಅದನ್ನ ತುರ್ತು ಕರೆ ಕೇಂದ್ರಕ್ಕೂ ಜೋಡಿಸಿದ್ದರು.

ಅಲ್ಲಿನ ಸಂಶೋಧಕರು ಒಂದು ಪ್ರಶ್ನೆ ಕೇಳಿದರು: ನಕ್ಷೆ ಮೇಲೆ ಹತ್ತಿರ ಇರೋ ಎಇಡಿ, ಆ ಹೊತ್ತಲ್ಲಿ ನಿಜವಾಗ್ಲೂ ಕೈಗೆ ಸಿಗುತ್ತಾ? 2013ರಲ್ಲಿ ಪ್ರಕಟವಾದ ಉತ್ತರ ಬೇಸರ ತರುವಂಥದ್ದು. ಸಂಜೆ, ರಾತ್ರಿ, ವಾರಾಂತ್ಯಗಳಲ್ಲಿ, ಹತ್ತಿರದಲ್ಲೇ ಎಇಡಿ ಇದ್ದ ಸಾರ್ವಜನಿಕ ಸ್ಥಳದ ಪ್ರಕರಣಗಳಲ್ಲಿ ಅರ್ಧಕ್ಕೂ ಹೆಚ್ಚು ಕಡೆ ಯಂತ್ರ ಕೈಗೆ ಸಿಗೋ ಸ್ಥಿತೀಲಿ ಇರಲಿಲ್ಲ. ಕಾರಣ? ಆಫೀಸ್ ಬಂದ್. ಬಾಗಿಲಿಗೆ ಬೀಗ.

ಅಂದ್ರೆ ನಕ್ಷೆಗೆ ಜಾಗ ಮಾತ್ರ ಸಾಲದು, ಸಮಯವೂ ಬೇಕು. ಎಷ್ಟೊತ್ತಿಂದ ಎಷ್ಟೊತ್ತಿನವರೆಗೆ ತೆರೆದಿರುತ್ತೆ? ಯಾವ ಮಹಡಿ? ಕೀಲಿ ಯಾರ ಹತ್ರ? ಬ್ಯಾಟರಿ ಯಾವಾಗ ಬದಲಾಯಿಸಿದ್ದು? ಅಂಟಿಸೋ ಪ್ಯಾಡ್‌ಗೂ ಎಕ್ಸ್‌ಪೈರಿ ಡೇಟ್ ಇರುತ್ತೆ, ಗೊತ್ತಾ? ಒಂದು ಸಲ ಗುರುತು ಹಾಕಿ ಮರೆತುಬಿಟ್ಟ ನಕ್ಷೆ ಅಪಾಯ. ಅದನ್ನ ನಂಬಿ ಓಡಿದವರು ಖಾಲಿ ಗೋಡೆ ಮುಂದೆ ನಿಂತರೆ, ಹೋದ ಎರಡು ನಿಮಿಷ ವಾಪಸ್ ಬರಲ್ಲ.

ಭಾಗ 9/10 | ಫೋನ್ ಬೂತ್, ಆ್ಯಪ್, ಡ್ರೋನ್

ಈ ಪಾಠ ಕಲಿತ ಮೇಲೆ ಏನೇನಾಯ್ತು ಅಂತ ನೋಡಿ.

ಬ್ರಿಟನ್‌ನಲ್ಲಿ ಮೊಬೈಲ್ ಬಂದ ಮೇಲೆ ಕೆಂಪು ಟೆಲಿಫೋನ್ ಬೂತ್‌ಗಳು ಅನಾಥವಾದವು. ಕಂಪನಿ ಅವನ್ನ ಹಳ್ಳಿಯವರಿಗೆ ಒಂದು ಪೌಂಡ್‌ಗೆ ಕೊಡೋಕೆ ಶುರು ಮಾಡ್ತು. ಎಷ್ಟೋ ಹಳ್ಳಿಯವರು ಅದರಲ್ಲಿ ಎಇಡಿ ಇಟ್ಟರು. ದಿನದ 24 ಗಂಟೆಯೂ ಸಿಗುತ್ತೆ, ಎಲ್ಲಿದೆ ಅಂತ ಊರಿಗೆಲ್ಲಾ ಗೊತ್ತು. ಅಲ್ಲಿನ ಬ್ರಿಟಿಷ್ ಹಾರ್ಟ್ ಫೌಂಡೇಶನ್ ಆಂಬುಲೆನ್ಸ್ ಸೇವೆಗಳ ಜೊತೆ ಸೇರಿ ದಿ ಸರ್ಕ್ಯೂಟ್ ಅನ್ನೋ ರಾಷ್ಟ್ರೀಯ ಜಾಲ ಕಟ್ಟಿತು. ಪ್ರತಿ ಯಂತ್ರಕ್ಕೂ ಒಬ್ಬ ಪಾಲಕರು ಇರ್ತಾರೆ, ಅದು ಸರಿಯಾಗಿದೆಯಾ ಅಂತ ನೋಡ್ತಾ ಇರೋದು ಅವರ ಹೊಣೆ.

ಕ್ಯಾಲಿಫೋರ್ನಿಯಾದಲ್ಲಿ ಅಗ್ನಿಶಾಮಕ ದಳದ ಮುಖ್ಯಸ್ಥ ರಿಚರ್ಡ್ ಪ್ರೈಸ್ ಹೋಟೆಲಲ್ಲಿ ಊಟ ಮಾಡ್ತಿದ್ದಾಗ ಸೈರನ್ ಕೇಳಿಸಿತು. ಅವರದ್ದೇ ದಳದ ಗಾಡಿ ಬಂದು ಪಕ್ಕದ ಬಾಗಿಲಲ್ಲೇ ನಿಂತಿತು. ಒಳಗೆ ಒಬ್ಬರ ಹೃದಯ ನಿಂತಿತ್ತು. ಅವರ ಕಾರಲ್ಲೇ ಎಇಡಿ ಇತ್ತು, ತರಬೇತಿಯೂ ಇತ್ತು. ಗೋಡೆ ಆಚೆ ಏನಾಗ್ತಿದೆ ಅಂತ ಮಾತ್ರ ತಿಳಿದಿರಲಿಲ್ಲ. ಆ ಘಟನೆಯಿಂದ ಹುಟ್ಟಿದ್ದು ಪಲ್ಸ್‌ಪಾಯಿಂಟ್ ಆ್ಯಪ್. ಹತ್ತಿರದಲ್ಲಿ ಯಾರದ್ದಾದ್ರೂ ಹೃದಯ ನಿಂತರೆ ಸಿಪಿಆರ್ ಗೊತ್ತಿರೋರ ಫೋನ್ ಕೂಗುತ್ತೆ, ಪಕ್ಕದ ಎಇಡಿ ಎಲ್ಲಿದೆ ಅಂತಲೂ ತೋರಿಸುತ್ತೆ. ಸಿಂಗಾಪುರದಲ್ಲಿ, ಡೆನ್ಮಾರ್ಕ್‌ನಲ್ಲಿ ಕೂಡ ಇಂಥ ವ್ಯವಸ್ಥೆ ಇದೆ.

ಸ್ವೀಡನ್‌ನಲ್ಲಿ ಯಂತ್ರವೇ ಹಾರಿಕೊಂಡು ಬಂತು. 2021ರ ಡಿಸೆಂಬರ್, ಟ್ರೋಲ್‌ಹೆಟ್ಟನ್ ಊರು. ಮನೆ ಮುಂದೆ ಹಿಮ ತೆಗೀತಿದ್ದ 71 ವರ್ಷದ ಹಿರಿಯರೊಬ್ಬರು ಕುಸಿದರು. ಡ್ಯೂಟಿಗೆ ಹೊರಟಿದ್ದ ಡಾಕ್ಟರ್ ಒಬ್ಬರು ಗಾಡಿ ನಿಲ್ಲಿಸಿ ಎದೆ ಒತ್ತೋಕೆ ಶುರು ಮಾಡಿದರು. ಕರೆ ಹೋದ ಮೂರು ನಿಮಿಷ ಚಿಲ್ಲರೆಯಲ್ಲಿ ಡ್ರೋನ್ ಎಇಡಿ ತಂದು ಇಳಿಸಿತು. ಆ ಹಿರಿಯರು ಬದುಕಿದರು.

ಗಮನಿಸಿ: ಈ ಎಲ್ಲಾ ಕಡೆ ಗೆದ್ದಿದ್ದು ಕರೆ ತಗೊಳ್ಳೋರು, ಎದೆ ಒತ್ತೋರು, ಯಂತ್ರ ತರೋರು ಮೂವರೂ ಒಂದೇ ದಾರದಲ್ಲಿ ಸೇರಿಕೊಂಡಿದ್ದರಿಂದ.

ಭಾಗ 10/10 | ನಮ್ಮ ಕಡೆ ಏನಾಗಿದೆ, ನಾವು ಏನು ಮಾಡ್ಬಹುದು

2021ರ ಅಕ್ಟೋಬರ್ 29 ನಮಗ್ಯಾರಿಗೂ ಮರೆಯೋಕೆ ಆಗಲ್ಲ. ಅಪ್ಪು ಹೋದ ದಿನ. ಆಮೇಲೆ ಜಿಮ್, ವಾಕಿಂಗ್, ಇಸಿಜಿ ಅಂತ ಮನೆಮನೆಯಲ್ಲೂ ಮಾತು. 2023ರ ರಾಜ್ಯ ಬಜೆಟ್‌ನಲ್ಲಿ ಪುನೀತ್ ರಾಜ್‌ಕುಮಾರ್ ನೆನಪಲ್ಲಿ ಎಇಡಿ ಅಳವಡಿಸೋ ಘೋಷಣೆ ಬಂತು. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಎದೆನೋವು ಅಂತ ತಾಲ್ಲೂಕು ಆಸ್ಪತ್ರೆಗೆ ಬಂದವರ ಇಸಿಜಿಯನ್ನ ದೂರದಲ್ಲಿರೋ ತಜ್ಞರು ನೋಡಿ, ಬೇಕಿದ್ದರೆ ರಕ್ತದ ಹೆಪ್ಪು ಕರಗಿಸೋ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡಿಸ್ತಾರೆ. ಇದು ದೊಡ್ಡ ಕೆಲಸ. ಆದ್ರೆ ಅದು ಆಸ್ಪತ್ರೆ ತಲುಪಿದ ಮೇಲಿನ ಮಾತು. ಬಸ್ ಸ್ಟ್ಯಾಂಡಲ್ಲಿ, ಮದುವೆ ಛತ್ರದಲ್ಲಿ, ಕಾಲೇಜ್ ಗ್ರೌಂಡಲ್ಲಿ ಬಿದ್ದವರ ಮೊದಲ ಹತ್ತು ನಿಮಿಷ ಪಕ್ಕದಲ್ಲಿರೋರ ಕೈಯಲ್ಲೇ ಇರುತ್ತೆ.

ಇನ್ನೊಂದು ವಿಷಯ. ಅಮೆರಿಕದಲ್ಲಿ 2000ದಲ್ಲೇ, ಒಳ್ಳೇ ಮನಸ್ಸಿಂದ ಎಇಡಿ ಬಳಸಿದವರಿಗೆ ರಕ್ಷಣೆ ಕೊಡೋ ಕಾನೂನು ಬಂತು. ನಮ್ಮಲ್ಲಿ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ರಸ್ತೆ ಅಪಘಾತದಲ್ಲಿ ನೆರವಾದವರಿಗೆ ರಕ್ಷಣೆ ಕೊಡುತ್ತೆ. ಅದು ವಾಹನ ಅಪಘಾತಕ್ಕೆ ಸಂಬಂಧಿಸಿದ್ದು. ಹೃದಯ ನಿಂತವರಿಗೆ ನೆರವಾಗೋರಿಗೂ ಅಷ್ಟೇ ಸ್ಪಷ್ಟವಾದ ಭರವಸೆ ಬೇಕು ಅನ್ನೋದು ನನ್ನ ಅಭಿಪ್ರಾಯ. ಕಾನೂನು ಓದ್ತಿರೋ ಗೆಳೆಯರು ಕಾಮೆಂಟಲ್ಲಿ ಬನ್ನಿ, ಮಾತಾಡೋಣ.

ಅಷ್ಟರಲ್ಲಿ ನಾವು ಮಾಡಬಹುದಾದ್ದು:

ಒಂದು, ಗುರುತು ಕಲೀರಿ. ಹಸಿರು ಬಣ್ಣದ ಬೋರ್ಡ್, ಬಿಳಿ ಹೃದಯ, ಅದರೊಳಗೆ ಮಿಂಚಿನ ಗೆರೆ. ಇನ್ನು ಮುಂದೆ ಮಾಲ್, ವಿಮಾನ ನಿಲ್ದಾಣ, ಟೆಕ್ ಪಾರ್ಕ್, ಸ್ಟೇಡಿಯಂ ಎಲ್ಲಿಗೆ ಹೋದ್ರೂ ಅದನ್ನ ಹುಡುಕಿ.

ಎರಡು, ಕೇಳಿ. ನಿಮ್ಮ ಕಾಲೇಜಿನ ಆಫೀಸ್‌ಗೆ ಹೋಗಿ "ಸಾರ್, ನಮ್ಮಲ್ಲಿ ಎಇಡಿ ಇದ್ಯಾ? ಎಲ್ಲಿದೆ? ಭಾನುವಾರ ಮ್ಯಾಚ್ ಇದ್ದಾಗ ಕೀಲಿ ಯಾರ ಹತ್ರ ಇರುತ್ತೆ?" ಅಂತ ವಿಚಾರಿಸಿ. ಇಲ್ಲ ಅಂದ್ರೂ ಪರವಾಗಿಲ್ಲ, ಕೇಳಿದ ಮೇಲೆ ಅವರೂ ಯೋಚನೆ ಮಾಡ್ತಾರೆ.

ಮೂರು, ನಕ್ಷೆಗೆ ಸೇರಿಸಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಯಾರು ಬೇಕಾದ್ರೂ ಖಾತೆ ತೆರೆದು ಎಇಡಿ ಗುರುತು ಹಾಕ್ಬಹುದು. ಅದೇ ಮಾಹಿತಿಯಿಂದ ಪೋಲೆಂಡ್‌ನ ಸ್ವಯಂಸೇವಕರು ಜಗತ್ತಿನ ಎಇಡಿಗಳನ್ನೆಲ್ಲಾ ತೋರಿಸೋ ಓಪನ್ ಎಇಡಿ ಮ್ಯಾಪ್ ಅಂತ ಮಾಡಿದ್ದಾರೆ. ಕಣ್ಣಾರೆ ನೋಡಿದ್ದನ್ನ ಮಾತ್ರ ಹಾಕಿ. ಮಹಡಿ, ತೆರೆದಿರೋ ಸಮಯ ಬರೀರಿ. ಆರು ತಿಂಗಳಿಗೊಮ್ಮೆ ಹೋಗಿ ಇನ್ನೂ ಅಲ್ಲೇ ಇದೆಯಾ ನೋಡಿ. ಕೋಪನ್‌ಹೇಗನ್‌ನ ಬೀಗ ನೆನಪಿರಲಿ.

ನಾಲ್ಕು, ಎದೆ ಒತ್ತೋದು ಕಲೀರಿ. ವ್ಯಕ್ತಿ ಅಲುಗಾಡ್ತಿಲ್ಲ, ಸರಿಯಾಗಿ ಉಸಿರಾಡ್ತಿಲ್ಲ ಅಂದ್ರೆ ಒಬ್ಬರು 108 ಅಥವಾ 112ಕ್ಕೆ ಕರೆ ಮಾಡಿ, ಇನ್ನೊಬ್ಬರು ಎಇಡಿ ತರೋಕೆ ಓಡಿ, ಮತ್ತೊಬ್ಬರು ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ಸುಮಾರು ಎರಡು ಇಂಚು ಆಳಕ್ಕೆ ಗಟ್ಟಿಯಾಗಿ ಒತ್ತಿ. ಇದನ್ನ ಓದಿ ಕಲಿಯೋದಕ್ಕಿಂತ ಒಂದು ಸಲ ತರಬೇತಿಯಲ್ಲಿ ಕೈಯಾರೆ ಮಾಡಿ ನೋಡೋದು ಮೇಲು.

1899ರ ಜಿನೀವಾದಿಂದ ಇಲ್ಲೀತನಕ ಡಾಕ್ಟರು, ಎಂಜಿನಿಯರು, ಸೆಕ್ಯುರಿಟಿಯವರು, ಫೋಟೋ ತೆಗೆದ ಫಿಲಡೆಲ್ಫಿಯಾದ ಜನ, ಒಬ್ಬೊಬ್ಬರೂ ಆ ಯಂತ್ರವನ್ನ ಬಿದ್ದವರ ಕಡೆಗೆ ಸ್ವಲ್ಪ ಸ್ವಲ್ಪ ಸರಿಸಿದ್ದಾರೆ. ಥಿಯೇಟರಿಂದ ವಾರ್ಡಿಗೆ, ವಾರ್ಡಿಂದ ಆಂಬುಲೆನ್ಸ್‌ಗೆ, ಅಲ್ಲಿಂದ ಗೋಡೆಗೆ, ಗೋಡೆಯಿಂದ ನಕ್ಷೆಗೆ. ನಮ್ಮ ಊರಿನ ನಕ್ಷೇಲಿ ಇನ್ನೂ ತುಂಬಾ ಜಾಗ ಖಾಲಿ ಇದೆ.

ಈ ವಾರ ನೀವು ನೋಡಿದ ಒಂದು ಎಇಡಿ ಎಲ್ಲಿದೆ ಅಂತ ಕೆಳಗೆ ಬರೀರಿ. ಸೇವ್ ಮಾಡ್ಕೊಳ್ಳಿ, ಕ್ಲಾಸ್ ಗ್ರೂಪಿಗೆ ಕಳ್ಸಿ, ಮನೇಲಿ ಅಪ್ಪ ಅಮ್ಮನಿಗೂ ಓದಿ ಹೇಳಿ. ಮುಂದಿನ ಸರಣೀಲಿ ಸಿಗೋಣ.

#ಎಇಡಿ #ಸಿಪಿಆರ್ #ಇತಿಹಾಸದಪುಟ #ಕನ್ನಡದಲ್ಲಿಓದಿ #ನಮ್ಮೂರನಕ್ಷೆ